ಒಂಟೆಯ ಹಿಂಗಾಲು

ಸಂಗೀತ ಶಾಲೆಯ ಕೊನೆಯ ವರ್ಷದಲ್ಲಿರುವ ಆ ಹುಡುಗಿಯನ್ನು ಈಗ ಯಾರಾದರೂ ‘ಮೊದಲು ವೇದಿಕೆ ಹತ್ತಿದ್ದು ಯಾವಾಗ?’ ಎಂದು ಕೇಳಿದರೆ, ‘ಕ್ರಿಸ್ಮಸ್ ಒಪೆರಾದಲ್ಲಿ’ ಎಂದು ಗತ್ತಿನಿಂದ ಹೇಳುತ್ತಾಳೆ. ‘ಯಾವ ಪಾತ್ರ?’ ಎಂದು ಮುಂದುವರಿಸಿದಿರೋ, ಗತ್ತೆಲ್ಲ ಇಳಿದುಹೋಗುತ್ತದೆ. ನೀರು ಕುಡಿಯುವ ನೆಪ ಮಾಡಿ ಎದ್ದುಹೋಗುತ್ತಾಳೆ. ಅವಳು ಹೇಳದಿದ್ದರೇನಂತೆ, ನಾನಿದ್ದೇನಲ್ಲ. ಒಂಟೆಯ ಪಾತ್ರ. ಇಡೀ ಒಂಟೆಯೂ ಅಲ್ಲ, ಹಿಂದಿನ ಅರ್ಧ.

ಒಪೆರಾ ಎಂದರೆ ಹಾಡಿನಲ್ಲೇ ಆಡುವ ನಾಟಕ. ಅದರಲ್ಲಿ ‘ಬಾಗಿಲು ಹಾಕು’ ಎನ್ನಬೇಕಾದರೂ ಎದೆ ತುಂಬ ಉಸಿರೆಳೆದು, ಕೈ ಚಾಚಿ, ಎರಡು ನಿಮಿಷ ಹಾಡಬೇಕು. ಅಷ್ಟರಲ್ಲಿ ಒಳಗೆ ಬರಬೇಕಾದ ಗಾಳಿಯೆಲ್ಲ ಬಂದು ಕೂತಿರುತ್ತದೆ. ಇಂಥ ಆಟದಲ್ಲಿ ದೊಡ್ಡ ದನಿಯಿಲ್ಲದವರಿಗೆ ಏನು ಕೆಲಸ ಹೇಳಿ? ನಮ್ಮ ಹುಡುಗಿಗೆ ಇದ್ದ ಕೊರತೆಯೇ ಅದು. ಶಾಲೆ ಸೇರಿದ ಮೊದಲ ದಿನ ಅವಳು ಎದ್ದು ನಿಂತು ಹಾಡಿದಾಗ ಹಾಡುಗಾರಿಕೆ ಕಲಿಸುವ ಮೇಡಂ ಕಿವಿಗೆ ಕೈ ಹಚ್ಚಿ, “ಯಾರಮ್ಮ ಅದು? ಇರುವೆ ಹಾಡಿದ ಹಾಗಿದೆಯಲ್ಲ?” ಎಂದಿದ್ದರು. ಅಂದಿನಿಂದ ಅವಳ ಹೆಸರೇ ಇರುವೆ ಎಂದಾಯಿತು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಹಾಗಂತ ಅವಳು ದಡ್ಡಿಯಲ್ಲ. ಒಮ್ಮೆ ಕೇಳಿದ ಸ್ವರ ಅವಳ ತಲೆಯಲ್ಲಿ ಮೊಳೆ ಹೊಡೆದಂತೆ ನಿಲ್ಲುತ್ತಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಕೂದಲೆಳೆಯಷ್ಟು ಆಚೀಚೆ ಆಗದಂತೆ ಹಾಡಿ ತೋರಿಸುತ್ತಿದ್ದಳು. ಬಚ್ಚಲಲ್ಲಿ, ಬಾಗಿಲು ಹಾಕಿಕೊಂಡಾಗ, ದನಿಯೂ ಧಾರಾಳವಾಗಿ ಬರುತ್ತಿತ್ತು. ಎದುರಿಗೆ ಒಂದು ಜೊತೆ ಕಣ್ಣು ಕಂಡರೆ ಸಾಕು, ಗಂಟಲು ಬಾಗಿಲು ಹಾಕಿಕೊಳ್ಳುತ್ತಿತ್ತು.

ಈ ಮೇಡಂ ಅವರದ್ದು ಬೇರೆಯೇ ರೀತಿ. ಪಾಠಕ್ಕಾಗಲಿ ಪ್ರದರ್ಶನಕ್ಕಾಗಲಿ ಅವರು ಸಭಾಂಗಣದ ಕೊನೆಯ ಸಾಲಿನಲ್ಲೇ ಕೂರುತ್ತಿದ್ದರು. ಕೂತವರು ಕಣ್ಣು ಮುಚ್ಚಿಬಿಡುತ್ತಿದ್ದರು. ‘ಹಾಡು ನೋಡೋಕೆ ಬಂದಿಲ್ಲ ನಾನು’ ಎನ್ನುತ್ತಿದ್ದರು. ಕ್ರಿಸ್ಮಸ್ಸಿಗೆ ಎರಡು ತಿಂಗಳಿರುವಾಗ ಅವರು ಇರುವೆಯನ್ನು ಕರೆದು ಖಡಾಖಂಡಿತವಾಗಿ ಹೇಳಿದರು:

“ನೋಡಮ್ಮ, ಒಪೆರಾ ಮುಗಿಯೋವರೆಗೆ ಕಾಯ್ತೀನಿ. ನಿನ್ನ ದನಿ ಒಂದ್ಸಲ, ಒಂದೇ ಒಂದ್ಸಲ ನನ್ನ ಕೊನೇ ಸಾಲಿಗೆ ಬಂದು ಮುಟ್ಲಿ. ಇಲ್ಲಾಂದ್ರೆ ರಜೆ ಮುಗಿದಮೇಲೆ ಕೆಳಗಿನ ಕೋಣೆಗೆ ಹೋಗಿ ಸ್ವರ ನಕಲು ಮಾಡ್ತಾ ಕೂತ್ಕೊ. ನಿನ್ನ ಅಕ್ಷರ ಚೆನ್ನಾಗಿದೆ.”

ಅಕ್ಷರ ಚೆನ್ನಾಗಿದೆ ಎಂದು ಹೊಗಳಿಸಿಕೊಂಡು ಯಾರಾದರೂ ಅಳುತ್ತಾರೆಯೇ? ಅವಳು ಅತ್ತಳು. ಆ ಕೆಳಗಿನ ಕೋಣೆಯಲ್ಲಿ ಕಿಟಕಿಯಿರಲಿಲ್ಲ. ಗೋಡೆಯುದ್ದಕ್ಕೂ ಹಳೆಯ ಸ್ವರಪುಸ್ತಕಗಳ ಕಪಾಟು, ಮಿಣುಕುತ್ತ ಉರಿಯುವ ಒಂದು ಟ್ಯೂಬ್‌ಲೈಟು. ಅಲ್ಲಿ ಕೂತು ಬರೆಯುತ್ತಿದ್ದ ಇಬ್ಬರು ಹೊರಗೆ ಬಂದಾಗ ಬಿಸಿಲಿಗೆ ಕಣ್ಣು ಪಿಳಿಪಿಳಿ ಮಾಡುತ್ತಿದ್ದರು. ಇರುವೆಗೆ ಹಾಡಬೇಕಿತ್ತು. ಹಾಡು ಬಿಟ್ಟರೆ ಬದುಕಿನಲ್ಲಿ ಬೇರೇನೂ ಬೇಕೆಂದು ಅವಳಿಗೆ ಅನಿಸಿರಲೇ ಇಲ್ಲ.

ಪಾತ್ರ ಹಂಚುವ ದಿನ ಅವಳು ಧೈರ್ಯ ಮಾಡಿ ದೇವದೂತೆಯ ಪಾತ್ರಕ್ಕೇ ಹೆಸರು ಕೊಟ್ಟಳು. ಒಪೆರಾ ನಡೆಸುತ್ತಿದ್ದ ಮೇಷ್ಟ್ರು ತಾಳ ತೋರಿಸುವ ಕಡ್ಡಿ ಎತ್ತಿ ಹಿಡಿದು ಬಹಳ ಹೊತ್ತು ಕಾದರು. ಕೊನೆಗೆ, “ಶುರು ಮಾಡಮ್ಮ, ಎಷ್ಟು ಹೊತ್ತು?” ಎಂದರು. ಅವಳು ಆಗಲೇ ಎರಡು ಸಾಲು ಮುಗಿಸಿದ್ದಳು. ಮೇಷ್ಟ್ರು ಪಟ್ಟಿ ನೋಡಿದರು, ಇವಳ ಎತ್ತರ ನೋಡಿದರು. “ಸ್ವಲ್ಪ ಬಗ್ಗು,” ಎಂದರು. ಬಗ್ಗಿದಳು. “ಭೇಷ್! ಡುಬ್ಬಕ್ಕೆ ಹೇಳಿ ಮಾಡಿಸಿದ ಅಳತೆ.”

ಆ ಸಂಜೆ ಅಮ್ಮನಿಗೆ ಫೋನು ಮಾಡಿದಳು.

“ಪಾತ್ರ ಸಿಕ್ತಾ ಪುಟ್ಟಿ?”

“ಸಿಕ್ತಮ್ಮ. ಒಂಟೆ.”

“ಒಂಟೆ ಹಾಡುತ್ತಾ?”

“ಇಲ್ಲ. ಅದೂ... ನಾನು ಹಿಂದಿನ ಭಾಗ.”

ಅಮ್ಮ ನಿಧಾನವಾಗಿ ಕೇಳಿದರು: “ನಿಮ್ಮ ಚಿಕ್ಕಮ್ಮಂಗೆ ಏನಂತ ಹೇಳ್ಲೇ ನಾನು? ಆಗ್ಲೇ ಹೊಸ ಸೀರೆ ತಗೊಂಡು ಕೂತಿದಾಳೆ.”

“ಹೇಳ್ಬೇಡಮ್ಮ.”

“ಆಯ್ತು, ನಾಲ್ಕು ಕಾಲಿನ ಪಾತ್ರ, ದೊಡ್ಡ ಜವಾಬ್ದಾರಿ ಅಂತೀನಿ ಬಿಡು,” ಎಂದರು ಅಮ್ಮ. ನಾಲ್ಕರಲ್ಲಿ ಎರಡು ಮಾತ್ರ ತನ್ನವು ಎಂದು ಇವಳು ತಿದ್ದಲು ಹೋಗಲಿಲ್ಲ.

ಒಂಟೆಯ ಮುಂದಿನ ಅರ್ಧಕ್ಕೆ ಸಿಕ್ಕಿದವನು ಕಹಳೆಯವನು. ಎಳೆದು ತಳ್ಳಿ ಊದುವ ಉದ್ದನೆಯ ಹಿತ್ತಾಳೆ ಕಹಳೆ ಅವನದು. ಅದನ್ನು ಊದುವವರಿಗೆ ವಾದ್ಯಗೋಷ್ಠಿಯಲ್ಲಿ ಕೆಲಸ ಕಡಿಮೆ, ಕಾಯುವುದೇ ಹೆಚ್ಚು. ತಾಳದ ಎಪ್ಪತ್ತು ಆವರ್ತ ಸುಮ್ಮನೆ ಎಣಿಸುತ್ತ ಕೂತು, ಎಪ್ಪತ್ತೊಂದನೆಯದಕ್ಕೆ ‘ಭೋಂ’ ಎನ್ನಬೇಕು, ಮತ್ತೆ ಎಣಿಸಬೇಕು. ಹೀಗಾಗಿ ಎಣಿಸುವುದು ಅವನ ರಕ್ತದಲ್ಲೇ ಸೇರಿಹೋಗಿತ್ತು. ಮೆಟ್ಟಿಲು ಹತ್ತುವಾಗ, ಕೈ ತೊಳೆಯುವಾಗ, ಒಂಟೆಯೊಳಗೆ ನಿಂತಾಗ, ಎಲ್ಲೆಲ್ಲೂ ಎಣಿಕೆ. ಎಣಿಸುತ್ತಲೇ ಕಡಲೆಕಾಯಿ ತಿನ್ನುತ್ತಿದ್ದ. ಸಿಪ್ಪೆಯೆಲ್ಲ ಹಿಂದಕ್ಕೆ ಬಂದು ಇವಳ ತಲೆಗೆ ಬೀಳುತ್ತಿತ್ತು.

“ನಿಂಗೇನಾದ್ರೂ ಮಾನ ಮರ್ಯಾದೆ ಇದೆಯಾ?” ಎಂದು ಇವಳು ಅವನ ಬೆನ್ನಿಗೆ ಗುದ್ದಿದರೆ, “ಇಪ್ಪತ್ತೆರಡು, ಇಪ್ಪತ್ಮೂರು, ಇದೆ, ಇಪ್ಪತ್ನಾಲ್ಕು,” ಎನ್ನುತ್ತಿದ್ದ.

ಒಂಟೆಯ ಕೆಲಸ ಇಷ್ಟೇ. ಕುರುಬರು ಮಲಗಿರುವ ಬಯಲಿಗೆ ದೇವದೂತೆ ಆಕಾಶದಿಂದ ಇಳಿದು ಬರಬೇಕು. ಆಕಾಶ ಎಂದರೆ ಬಡಗಿ ಮಾಡಿಕೊಟ್ಟ ಏಣಿ, ಅದರ ತುದಿಗೊಂದು ಹಲಗೆ. ಏಣಿ ಕಂಡರೆ ದೇವದೂತೆಯನ್ನು ಬಣ್ಣ ಬಳಿಯಲು ಬಂದವಳು ಎಂದುಕೊಂಡಾರು. ಅದಕ್ಕೇ ಏಣಿಗೆ ಅಡ್ಡವಾಗಿ ಒಂಟೆ. ದೇವದೂತೆಯ ಹಾಡಿನ ಎರಡನೆಯ ಸಾಲು ಮುಗಿದ ಮೇಲೆ ಒಂಟೆ ಮೆಲ್ಲಗೆ ದೇವಶಿಶು ಮಲಗಿರುವ ಗೋದಲಿಯ ಕಡೆಗೆ ನಡೆಯಬೇಕು. ಅಷ್ಟರಲ್ಲಿ ದೀಪ ಮಂದವಾಗಿ ಏಣಿ ಮರೆಯಾಗುತ್ತದೆ.

ದೇವದೂತೆಯಾದವಳು ಹಾಸ್ಟೆಲಿನಲ್ಲಿ ಇವಳ ಕೋಣೆಯಲ್ಲೇ ಇದ್ದ ಹಿರಿಯ ವಿದ್ಯಾರ್ಥಿನಿ. ಇವಳು ಅಕ್ಕ ಎಂದು ಕರೆಯುತ್ತಿದ್ದಳು. ಅಕ್ಕನ ದನಿ ಮಾಳಿಗೆ ಹಾರಿಸುವಂಥದ್ದು. ಆದರೆ ಮೊದಲ ಸ್ವರ ಮಾತ್ರ ಯಾರಾದರೂ ಕೈಗೆ ತಂದಿಡಬೇಕು, ತಾನಾಗಿ ಹಿಡಿಯಲು ಆಗುತ್ತಿರಲಿಲ್ಲ. ದೇವದೂತೆಯ ಹಾಡೋ, ಪಿಯಾನೋ ಪೂರ್ತಿ ನಿಂತು, ನಿಶ್ಶಬ್ದವಾದ ಮೇಲೆ ಒಂಟಿ ದನಿಯಲ್ಲಿ ಶುರುವಾಗುವಂಥದ್ದು. ಪಿಯಾನೋ ಬಂದು ಸೇರುವುದು ಎರಡನೆಯ ಸಾಲಿಗೆ. ಮೊದಲ ವಾರ ಅಕ್ಕ ದಿನಕ್ಕೊಂದು ಸ್ವರದಲ್ಲಿ ಶುರು ಮಾಡಿ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡಳು. ಎರಡನೆಯ ವಾರ ಇಬ್ಬರೂ ಗುಟ್ಟಾಗಿ ಒಂದು ಉಪಾಯ ಮಾಡಿದರು. ಒಂಟೆಯ ಹಿಂಭಾಗ ಸರಿಯಾಗಿ ಅಕ್ಕನ ಕಾಲಡಿಗೆ ಬರುತ್ತಿತ್ತಲ್ಲ, ಒಳಗಿನಿಂದ ಇರುವೆ ಮೆಲ್ಲಗೆ ‘ಹ್ಮ್’ ಎಂದು ಸ್ವರ ಕೊಡುವುದು, ಅಕ್ಕ ಅದನ್ನು ಹಿಡಿದು ಹಾಡುವುದು. ಮೇಷ್ಟ್ರು ಕುಣಿದಾಡಿಬಿಟ್ಟರು. “ನೋಡಿ, ಸಾಧನೆ ಅಂದ್ರೆ ಇದು!” ಎಂದು ಎಲ್ಲರೆದುರು ಅಕ್ಕನನ್ನು ಕೊಂಡಾಡಿದರು. ಒಂಟೆ ಬಾಯಿ ಬಿಡಲಿಲ್ಲ.

ಒಂದೇ ಒಂದು ವಿಷಯ ಯಾರ ತಲೆಗೂ ಹೊಳೆಯಲಿಲ್ಲ. ತಾಲೀಮಿನ ಪಿಯಾನೋ ಹಳೆಯದು, ಅದರ ತಂತಿಗಳೆಲ್ಲ ಸಡಿಲವಾಗಿ ಇಡೀ ವಾದ್ಯ ಅರ್ಧ ಸ್ವರ ಕೆಳಗಿಳಿದಿತ್ತು. ಎಲ್ಲರೂ ಅದರ ಜೊತೆಗೇ ಹಾಡುತ್ತಿದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಶ್ರುತಿ ಮಾಡುವವನಿಗೆ ಶಾಲೆಯವರು ಮೂರು ಸಲ ಪತ್ರ ಬರೆದಿದ್ದರು. ಪುಣ್ಯಾತ್ಮ ತಲೆ ಹಾಕಿರಲಿಲ್ಲ. ಪ್ರದರ್ಶನದ ದಿನ ಬೆಳಿಗ್ಗೆ ಅದೇ ಪಿಯಾನೋವನ್ನು ಆರು ಜನ ಏದುಸಿರು ಬಿಡುತ್ತ ಸಭಾಂಗಣಕ್ಕೆ ಸಾಗಿಸಿದರು. ಮಧ್ಯಾಹ್ನ, ಇರುವೆ ಮೇಲಿನ ಕೋಣೆಯಲ್ಲಿ ಒಂಟೆಯ ಚರ್ಮಕ್ಕೆ ಕೊಕ್ಕೆ ಹೊಲಿಸಿಕೊಳ್ಳುತ್ತಿದ್ದಾಗ, ಆ ಪುಣ್ಯಾತ್ಮ ಅವತ್ತೇ ಬರಬೇಕೇ? ಬಂದ, ಎರಡು ತಾಸು ಕೂತ, ಪ್ರತಿ ತಂತಿಯನ್ನೂ ಬಿಗಿದು ಸರಿಯಾದ ಸ್ಥಾನಕ್ಕೆ ತಂದು, ಚಹಾ ಕುಡಿದು ಹೊರಟುಹೋದ.

ನಾಲ್ಕು ಗಂಟೆಗೆ ಪರದೆ ಸರಿಯಿತು. ಸಭಾಂಗಣ ಕಿಕ್ಕಿರಿದಿತ್ತು. ಮೂರನೆಯ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಹೊಸ ಸೀರೆಯ ಚಿಕ್ಕಮ್ಮ. ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿದ ಮೇಡಂ. ಪಿಯಾನೋ ಶುರುವಾದ ಕೂಡಲೇ ಒಂಟೆಯೊಳಗೆ ಇರುವೆ ಕಿವಿ ನಿಮಿರಿಸಿದಳು. ಎಲ್ಲವೂ ಅರ್ಧ ಸ್ವರ ಮೇಲೆ ಕೇಳುತ್ತಿತ್ತು!

ಬೇರೆ ಯಾರಾದರೂ ಆಗಿದ್ದರೆ ‘ಪಿಯಾನೋ ಎಲ್ಲಿದೆಯೋ ನಾನೂ ಅಲ್ಲೇ’ ಎಂದು ಸುಮ್ಮನಾಗುತ್ತಿದ್ದರು. ಈ ಮಹಾರಾಯ್ತಿಗೆ ತನ್ನ ನೆನಪಿನ ಮೇಲೆ ಅದೆಂಥ ಜಂಭ! ‘ಆರು ವಾರ, ದಿನಕ್ಕೆ ಹತ್ತು ಸಲ ಕೊಟ್ಟ ಸ್ವರ. ಪಿಯಾನೋ ತಪ್ಪಿರಬಹುದು, ನಾನು ತಪ್ಪಿಲ್ಲ. ಅಥವಾ ಈ ಡುಬ್ಬದ ಸ್ಪಂಜು ಕಿವಿಗೆ ಅಡ್ಡ ಬಂದು ಹೀಗೆ ಕೇಳುತ್ತಿದೆ,’ ಎಂದು ತನಗೆ ತಾನೇ ಹೇಳಿಕೊಂಡಳು. ದೇವದೂತೆಯ ಸರದಿ ಬಂತು. ಪಿಯಾನೋ ನಿಂತಿತು. ಕುರುಬರು ಮಲಗಿದರು. ಇರುವೆ ‘ಹ್ಮ್’ ಎಂದಳು, ಆರು ವಾರದ ಹಳೆಯ ಸ್ವರದಲ್ಲಿ.

ಅಕ್ಕ ಅದನ್ನು ನಂಬಿಕೆಯಿಂದ ಹಿಡಿದು, “ಹೆದರಬೇಡಿರಿ...” ಎಂದು ಮೊದಲ ಸಾಲು ಹಾಡಿದಳು. ಸೊಗಸಾಗಿಯೇ ಇತ್ತು. ಎರಡನೆಯ ಸಾಲಿಗೆ ಪಿಯಾನೋ ಬಂದು ಸೇರಿತು ನೋಡಿ, ಅಯ್ಯೋ ದೇವರೇ! ಗೋಣಿಚೀಲದಲ್ಲಿ ಎರಡು ಬೆಕ್ಕು ಕಟ್ಟಿ ಬಿಟ್ಟಂತಾಯಿತು. ಹೆದರಬೇಡಿರಿ ಎಂದು ಹೇಳಿಸಿಕೊಂಡ ಕುರುಬರೇ ಹೆದರಿ ಎದ್ದು ಕೂತರು. ಅಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಪಿಯಾನೋ ನುಡಿಸುವವಳು ಬೆವರುತ್ತ ಅದೇ ಆವರ್ತವನ್ನು ಮತ್ತೆ ನುಡಿಸಿದಳು, ಮತ್ತೆ ನುಡಿಸಿದಳು. ಮೇಷ್ಟ್ರ ಕಡ್ಡಿ ಗಾಳಿಯಲ್ಲೇ ನಿಂತುಬಿಟ್ಟಿತ್ತು. ಅಕ್ಕ ಹಲಗೆಯ ಮೇಲೆ ರೆಕ್ಕೆ ಅದುರಿಸುತ್ತ ಇಂಗು ತಿಂದ ಮಂಗನಂತೆ ನಿಂತಿದ್ದಳು.

ತಪ್ಪು ತನ್ನದೇ ಎಂದು ಇರುವೆಗೆ ಆ ಕ್ಷಣ ಗೊತ್ತಾಯಿತು. ಸರಿಯಾದ ಸ್ವರದಲ್ಲಿ ‘ಹ್ಮ್’ ಎಂದಳು. ಅಕ್ಕನಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ‘ಹ್ಮ್ಮ್’ ಎಂದಳು. ಮುಂದಿನಿಂದ ಕಹಳೆಯವನು, “ಹೊಟ್ಟೆ ನೋವಾ? ಹದಿನಾಲ್ಕು, ಹದಿನೈದು,” ಎಂದ. ಇನ್ನು ಬೇರೆ ದಾರಿಯಿರಲಿಲ್ಲ. ಅವಳು ಕಣ್ಣು ಮುಚ್ಚಿ, ಸ್ಪಂಜಿನ ಡುಬ್ಬ ಉಬ್ಬುವಷ್ಟು ಉಸಿರೆಳೆದು, ಬಾಯಿ ತೆರೆದು ಹಾಡಿಬಿಟ್ಟಳು:

“ಶುಭ ಸುದ್ದಿಯನ್ನು ತಂದಿರುವೆನು!”

ಇಡೀ ಸಭಾಂಗಣ ಝಲ್ಲೆಂದಿತು. ಹೇಳಿಕೊಟ್ಟಂತೆ ನಡೆಯುವುದರಲ್ಲಿ ಮೊದಲ ಕುರುಬನಷ್ಟು ಪ್ರಾಮಾಣಿಕ ಇನ್ನೊಬ್ಬನಿರಲಿಲ್ಲ. ‘ದೇವದೂತೆಯ ದನಿ ಬಂದ ಕಡೆಗೆ ತಿರುಗಿ ಮಂಡಿಯೂರು’ ಎಂದು ಮೇಷ್ಟ್ರು ಹೇಳಿದ್ದರು. ಅವನು ದನಿ ಬಂದ ಕಡೆಗೆ ತಿರುಗಿ, ಒಂಟೆಯ ಬಾಲದೆದುರು ಭಕ್ತಿಯಿಂದ ಮಂಡಿಯೂರಿ ಕೈ ಜೋಡಿಸಿದ. ಅವನನ್ನು ನೋಡಿ ಉಳಿದ ಮೂವರೂ ಮಂಡಿಯೂರಿದರು. ಸಭೆಯಲ್ಲಿ ಒಬ್ಬರು ಕಿಸಕ್ಕೆಂದದ್ದೇ ತಡ, ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಗತೊಡಗಿತು.

ಅದು ಸಾಲದು ಎಂಬಂತೆ ಕಹಳೆಯವನ ಎಣಿಕೆ ಮುಗಿಯಿತು. ಎರಡನೆಯ ಸಾಲು ಇಂತಿಷ್ಟನೆಯ ಆವರ್ತಕ್ಕೆ ಮುಗಿಯುತ್ತದೆಂದು ಅವನ ಲೆಕ್ಕ. ಹಾಡು ಎಲ್ಲಿದ್ದರೆ ಅವನಿಗೇನು? ಗಂಭೀರವಾಗಿ ಹೆಜ್ಜೆ ಹಾಕಿ ಹೊರಟ. ಹಿಂಭಾಗ ಹೊರಡಲಿಲ್ಲ. ಮಧ್ಯಾಹ್ನ ಹೊಲಿದ ಕೊಕ್ಕೆಗಳು ಟಪಟಪ ಕಿತ್ತುಬಂದವು. ಒಂಟೆಯ ತಲೆ ಎರಡು ಕಾಲಿನ ಮೇಲೆ ಗೋದಲಿ ತಲುಪಿತು. ಡುಬ್ಬ, ಬಾಲ ಮತ್ತು ಹಿಂಗಾಲು ಏಣಿಯ ಬಳಿಯೇ ನಿಂತು ಹಾಡುತ್ತಿದ್ದವು. ಒಳಗಿದ್ದ ಇರುವೆಗೆ ತಿಳಿದದ್ದು ಇಷ್ಟೇ: ಹಿಡಿದುಕೊಂಡಿದ್ದ ಸೊಂಟ ಕೈತಪ್ಪಿಹೋಯಿತು, ಎಲ್ಲಿಂದಲೋ ತಣ್ಣನೆಯ ಗಾಳಿ ಬಂತು. ನಿಲ್ಲಿಸಿದರೆ ಅಕ್ಕನ ಗತಿ ಮುಗಿಯಿತೆಂದು ಅವಳು ನಿಲ್ಲಿಸಲಿಲ್ಲ. ಮೂರನೆಯ ಸಾಲಿಗೆ ಅಕ್ಕನಿಗೆ ಜೀವ ಬಂದು ಅವಳೂ ಸೇರಿದಳು. ಮೇಲಿನಿಂದ ಒಂದು ದನಿ, ಕೆಳಗಿನಿಂದ ಒಂದು ದನಿ. ನಗುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಹಾಡು ಮುಗಿದಾಗ ಮೂರನೆಯ ಸಾಲಿನ ಕುರ್ಚಿಯಿಂದ ಚಿಕ್ಕಮ್ಮ ಅಮ್ಮನನ್ನು ಕೇಳಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿಸಿತಂತೆ: “ಅಕ್ಕಾ, ಒಂಟೆ ಹಾಡಲ್ಲ ಅಂದಿದ್ಯಲ್ಲೇ?”

ಆಟ ಮುಗಿದು ಪರದೆ ಬಿದ್ದ ಮೇಲೆ ಬಣ್ಣದ ಕೋಣೆಯಲ್ಲಿ ಮೇಷ್ಟ್ರು ಅಕ್ಕನ ಮೇಲೆ ಕೆಂಡ ಕಾರುತ್ತಿದ್ದರು. “ಆರು ವಾರ! ಆರು ವಾರ ಸರಿಯಾಗಿ ಶುರು ಮಾಡಿದವಳು ಇವತ್ತೇ ಹಾಳು ಮಾಡ್ಬೇಕಿತ್ತಾ?” ಅಕ್ಕ ರೆಕ್ಕೆ ಇಳಿಬಿಟ್ಟು ನಿಂತಿದ್ದಳು, ಉಪಾಯದ ವಿಷಯ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮೇಡಂ ಕಾಣಿಸಿಕೊಂಡರು. ಅವರು ಕಣ್ಣು ಮುಚ್ಚಿ ಕೇಳಿದವರು, ಏನೊಂದೂ ನೋಡಿರಲಿಲ್ಲ.

“ಎರಡನೇ ಸಾಲು ಹಾಡಿದ್ದು ಯಾರು?”

“ನಾನಲ್ಲ ಮೇಡಂ,” ಎಂದಳು ಅಕ್ಕ. “ಒಂಟೆ.”

“ಒಂಟೇಲಿ ಯಾರು?”

ಕಹಳೆಯವನು ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದು, “ನಾನು ತಲೆ ಮಾತ್ರ ಮೇಡಂ,” ಎಂದ.

ಎಲ್ಲರೂ ಮೂಲೆಯತ್ತ ನೋಡಿದರು. ಸೊಂಟದವರೆಗೆ ಒಂಟೆಯಾಗಿ, ಕೂದಲ ತುಂಬ ಕಡಲೆಕಾಯಿ ಸಿಪ್ಪೆ ಹೊತ್ತು ಇರುವೆ ನಿಂತಿದ್ದಳು. ಸುಮ್ಮನಿದ್ದಿದ್ದರೆ ಆಗಲೇ ಗೆದ್ದಾಗಿತ್ತು: ದನಿ ಕೊನೆಯ ಸಾಲಿಗೆ ಮುಟ್ಟಿತ್ತು, ಕೆಳಗಿನ ಕೋಣೆ ತಪ್ಪಿತ್ತು. ಆದರೆ ಅಕ್ಕ ತನಗೋಸ್ಕರ ಬೈಸಿಕೊಂಡು ನಿಂತಿರುವುದನ್ನು ನೋಡಿ ಅವಳು ಒಂದು ಹೆಜ್ಜೆ ಮುಂದೆ ಬಂದಳು.

“ತಪ್ಪು ಸ್ವರ ಕೊಟ್ಟಿದ್ದೂ ನಾನೇ ಮೇಡಂ,” ಎಂದಳು. “ಪಿಯಾನೋ ಮೇಲಿದೆ ಅಂತ ಗೊತ್ತಾಗಿತ್ತು. ಅದೇ ತಪ್ಪು, ನಾನೇ ಸರಿ ಅಂದ್ಕೊಂಡೆ. ಅಕ್ಕಂದೇನೂ ತಪ್ಪಿಲ್ಲ.” ಇಷ್ಟನ್ನು ಎಷ್ಟು ಸಣ್ಣಗೆ ಹೇಳಿದಳೆಂದರೆ, ಮೇಷ್ಟ್ರು “ಏನಂದ್ಲು?” ಎಂದು ಅಕ್ಕನನ್ನೇ ಕೇಳಬೇಕಾಯಿತು.

ಮೇಡಂ ಹತ್ತಿರ ಬಂದರು. “ಹಾಡು ಅದನ್ನ. ಈಗ, ಇಲ್ಲೇ.”

ಕೋಣೆಯಲ್ಲಿ ಮೂವತ್ತು ಜೊತೆ ಕಣ್ಣು. ಇರುವೆ ಬಾಯಿ ತೆರೆದಳು. ಬಂದದ್ದು ಅದೇ ಹಳೆಯ ಎಳೆ ದನಿ, ಸೊಳ್ಳೆ ಕೂಡ ತಿರುಗಿ ನೋಡದಂಥದ್ದು. ಅಕ್ಕ ಕಣ್ಣು ಮುಚ್ಚಿಕೊಂಡಳು. ಕಹಳೆಯವನು ಎಣಿಸುವುದನ್ನೇ ಮರೆತ. ಎಲ್ಲ ಮುಗಿಯಿತು ಎಂದುಕೊಂಡು ಇರುವೆ ತಲೆ ತಗ್ಗಿಸಿದಳು.

ಮೇಡಂಗೆ ಏನು ಹೊಳೆಯಿತೋ, ಸೊಂಟಕ್ಕಿಳಿದಿದ್ದ ಒಂಟೆಯ ಚರ್ಮವನ್ನು ಸರಕ್ಕನೆ ಎತ್ತಿ ಅವಳ ತಲೆಯ ಮೇಲೆ ಮುಚ್ಚಿದರು.

“ಈಗ ಹಾಡು.”

ಬಣ್ಣದ ಕೋಣೆಯ ಕನ್ನಡಿಗಳು ಅದುರಿದವು. ಮೇಷ್ಟ್ರ ಕೈಯಿಂದ ಕಡ್ಡಿ ಜಾರಿಬಿತ್ತು.

“ಸರಿ ಹೋಯ್ತು,” ಎಂದರು ಮೇಡಂ. “ರಜೆ ಮುಗಿಸ್ಕೊಂಡು ನನ್ನ ಹತ್ರಾನೇ ಬಾ. ಕಂಬಳಿ ನಾನು ತರ್ತೀನಿ.”

ಅವರು ತಮಾಷೆಗೆ ಹೇಳಿದ್ದಲ್ಲ. ನಿಜಕ್ಕೂ ಮನೆಯಿಂದ ಒಂದು ದಪ್ಪ ಕಂಬಳಿ ತಂದರು. ಖಾಲಿ ಸಭಾಂಗಣದ ವೇದಿಕೆಯ ಮೇಲೆ ಇರುವೆಯನ್ನು ನಿಲ್ಲಿಸಿ, ‘ಕಣ್ಣು ಮುಚ್ಚು’ ಎಂದು ಕಂಬಳಿ ಹೊದಿಸಿ, ತಾವು ಕೊನೆಯ ಸಾಲಿಗೆ ಹೋಗಿ ಕೂರುತ್ತಿದ್ದರು. ಒಂದು ದಿನ ಬಡಗಿ ಸುತ್ತಿಗೆ ಮರೆತಿದ್ದೇನೆಂದು ಬಾಗಿಲು ತೆರೆದವನು, ಕಂಬಳಿಯೊಂದು ನಿಂತು ಹಾಡುತ್ತಿರುವುದನ್ನು ಕಂಡು, ಸುತ್ತಿಗೆ ಬೇಡವೆಂದು ಹೊರಟುಹೋದ. ಒಂದು ತಿಂಗಳಾದ ಮೇಲೆ ಕಂಬಳಿ ಹೋಗಿ ದುಪ್ಪಟಿ ಬಂತು. ದುಪ್ಪಟಿ ಹೋಗಿ ತೆಳು ಶಾಲು ಬಂತು. ವರ್ಷದ ಕೊನೆಯ ಪರೀಕ್ಷೆ ಹತ್ತಿರವಾಗುವ ಹೊತ್ತಿಗೆ ಬರೀ ಒಂದು ಕರವಸ್ತ್ರ. ಅದನ್ನು ನೆತ್ತಿಯ ಮೇಲೆ ಇಟ್ಟುಕೊಂಡು, ಬಿದ್ದೀತೆಂದು ಕತ್ತು ಅಲುಗಿಸದೆ ಹಾಡುತ್ತಿದ್ದಳು. ನೋಡಿದವರಿಗೆ ನಗು, ಅವಳಿಗೆ ಮಾತ್ರ ಅದರಡಿ ಮನೆಯೊಳಗಿದ್ದಷ್ಟು ನೆಮ್ಮದಿ.

ಪರೀಕ್ಷೆಯ ಹಿಂದಿನ ದಿನವೂ ಎಂದಿನಂತೆ ಕಣ್ಣು ಮುಚ್ಚಿ ನಿಂತಳು. ಮೇಡಂ ನೆತ್ತಿಯ ಮೇಲೆ ಮೆಲ್ಲಗೆ ಕೈಯಿಟ್ಟು, ಕರವಸ್ತ್ರ ಸರಿಪಡಿಸಿದಂತೆ ಮಾಡಿ, ನಡೆದುಕೊಂಡು ಹಿಂದಕ್ಕೆ ಹೋದರು. ಕೊನೆಯ ಸಾಲಿನ ಕುರ್ಚಿ ಕಿರ್ರೆಂದಿತು. ಇರುವೆ ಹಾಡಿದಳು. ಒಂದೇ ಒಂದು ಸಾಲಲ್ಲ, ಮೊದಲಿಂದ ಕೊನೆಯವರೆಗೆ, ಎಲ್ಲಿಯೂ ತಡವರಿಸದೆ ಹಾಡಿದಳು. ಮುಗಿಸಿ, ಕರವಸ್ತ್ರ ತೆಗೆಯಲು ತಲೆಗೆ ಕೈ ಹಾಕಿದರೆ ಕೈಗೆ ಸಿಕ್ಕಿದ್ದು ಬರೀ ಕೂದಲು.

ಗಾಬರಿಯಿಂದ ಕಣ್ಣು ತೆರೆದಳು. ಕರವಸ್ತ್ರ ಅಷ್ಟು ದೂರದಲ್ಲಿ, ಕೊನೆಯ ಸಾಲಿನಲ್ಲಿ, ಮೇಡಂ ಕೈಯಲ್ಲಿತ್ತು. ಯಾವತ್ತೂ ಕಣ್ಣು ಮುಚ್ಚಿ ಕೂರುವ ಮೇಡಂ ಅವತ್ತು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದರು. ಕರವಸ್ತ್ರದಿಂದ ಮೂಗು ಒರೆಸಿಕೊಂಡು, “ಶೀತ ಆಗಿದೆ,” ಎಂದರು.

ಇರುವೆಗೆ ಅಲ್ಲಿಂದ ಓಡಿಹೋಗಬೇಕೆನಿಸಲಿಲ್ಲ. ಅದೇ ಅವಳಿಗೆ ದೊಡ್ಡ ಆಶ್ಚರ್ಯ.

“ನಾನು ನೋಡ್ತಿರ್ತೀನಿ,” ಎಂದರು ಮೇಡಂ ಅಲ್ಲಿಂದಲೇ. “ಇನ್ನೊಂದ್ಸಲ ಹಾಡು.”

ಅವಳು ಹಾಡಿದಳು.